ಕೆರೆ ನೀರಿನೊಳಗೆ ಫೋಟೊ ಮಂಕಾಗುವುದು ಬೆಳಕು ಸಾಲದ್ದಕ್ಕೇ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ತೋಟದೊಳಗೆ ಒಂದು ಕೆರೆ, ಕೆಳಗಿನ ಗಡಿಯಲ್ಲಿ ಒಂದು ತೋಡು ಇದೆ. ಹಿಂದೊಮ್ಮೆ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದಾಗ ಆಕ್ಷನ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಚೆನ್ನಾಗಿಯೇ ಬಂದಿದ್ದವು. ಅದೇ ಹುಮ್ಮಸ್ಸಿನಲ್ಲಿ ಒಂದು ಕಾಂಪ್ಯಾಕ್ಟ್ ಕ್ಯಾಮೆರಾ, ಅದಕ್ಕೆ ಹೌಸಿಂಗ್ (ನೀರು ನುಗ್ಗದ ಕವಚ), 1000 ಲ್ಯೂಮೆನ್‌ನ ನೀರೊಳಗಿನ ಟಾರ್ಚು ಕೊಂಡೆ. ಮನೆ ಕೆರೆಯಲ್ಲಿ ಮಾತ್ರ ಒಂದೂ ಸರಿಯಾಗಿ ಬರುತ್ತಿಲ್ಲ. ಎಲ್ಲ ಹಳದಿ ಹಸಿರು, ಮೀನು ಮಸುಕು. ಟಾರ್ಚು ಹಾಕಿದರೆ ಚಿತ್ರದ ತುಂಬ ಬಿಳಿ ಚುಕ್ಕೆ. 5000 ಲ್ಯೂಮೆನ್ ಟಾರ್ಚು ತಗೋ ಅನ್ನುತ್ತಾರೆ ಒಬ್ಬರು, ಕೆಂಪು ಫಿಲ್ಟರ್ ಹಾಕು ಅನ್ನುತ್ತಾರೆ ಇನ್ನೊಬ್ಬರು. ಕೆರೆಗೆ ಪಟಿಕ ಹಾಕಿದರೆ ಎರಡು ದಿನಕ್ಕೆ ನೀರು ತಿಳಿಯಾಗುತ್ತದೆ ಅಂತ ತೋಟದ ಲೆಕ್ಕ ನೋಡುವ ನಮ್ಮ ರೈಟರ ಸಲಹೆ. ಸಾಲದ್ದಕ್ಕೆ ಬೆಳಿಗ್ಗೆ ಹೊತ್ತು ಹೌಸಿಂಗ್ ಒಳಗೆ ಮಂಜು ಕಟ್ಟುತ್ತದೆ. ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: ಸದ್ಯಕ್ಕೆ ಯಾವುದಕ್ಕೂ ಹಾಕಬೇಡಿ. ನಿಮ್ಮ ಹತ್ತಿರ ಇರುವ ಕ್ಯಾಮೆರಾ, ಟಾರ್ಚು ಎರಡೂ ಈ ಕೆಲಸಕ್ಕೆ ಸಾಕು. ಬೆಳಕು ಸಾಲುತ್ತಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ನಿಮ್ಮ ವಿವರಣೆ ಓದಿದರೆ ತೊಂದರೆ ಇರುವುದು ಕ್ಯಾಮೆರಾಕ್ಕೂ ಮೀನಿಗೂ ನಡುವಿನ ನೀರಿನಲ್ಲಿ. ಆ ನೀರನ್ನು ಕಡಿಮೆ ಮಾಡಿಕೊಳ್ಳದೆ ಎಷ್ಟು ಬೆಳಕು ಸುರಿದರೂ ಚಿತ್ರ ಇನ್ನಷ್ಟು ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ.

ನೇತ್ರಾಣಿಯಲ್ಲಿ ಒಳ್ಳೆಯ ದಿನ ಹತ್ತು ಹದಿನೈದು ಮೀಟರ್ ಆಚೆಯ ಬಂಡೆ ಕಾಣುತ್ತದೆ. ಅಲ್ಲಿ ಒಂದು ಮೀಟರ್ ದೂರದ ಮೀನನ್ನು ತೆಗೆದರೆ, ಕಾಣುವ ದೂರದ ಹತ್ತರಲ್ಲೊಂದು ಪಾಲು ನೀರು ಮಾತ್ರ ಅಡ್ಡ ಬಂದ ಹಾಗಾಯಿತು. ತೋಟದ ಕೆರೆಯಲ್ಲಿ ಒಂದು ಮೀಟರ್ ಕಂಡರೆ ಪುಣ್ಯ. ಅಲ್ಲೂ ಅದೇ ಒಂದು ಮೀಟರ್ ದೂರದಿಂದ ತೆಗೆಯುತ್ತೀರಿ, ಅಂದರೆ ಕಾಣಿಸುವುದರ ಕೊನೆಯ ಅಂಚಿಗೆ ಕ್ಯಾಮೆರಾ ಹಿಡಿದಿದ್ದೀರಿ. ನೀರಿನಲ್ಲಿ ದೂರ ಹೆಚ್ಚಿದಂತೆ ಕಾಂಟ್ರಾಸ್ಟ್ ಸ್ವಲ್ಪ ಸ್ವಲ್ಪವೇ ಇಳಿಯುವುದಿಲ್ಲ. ಅರ್ಧ ಮೀಟರ್ ದಾಟುವಾಗ ಅರ್ಧಕ್ಕೆ ಬಂತು ಎಂದಿಟ್ಟುಕೊಳ್ಳಿ. ಒಂದು ಮೀಟರಿಗೆ ಕಾಲು ಭಾಗ ಉಳಿಯುತ್ತದೆ, ಒಂದೂವರೆ ಮೀಟರಿಗೆ ಎಂಟರಲ್ಲೊಂದು, ಎರಡು ಮೀಟರಿಗೆ ಹದಿನಾರರಲ್ಲೊಂದು. ಹಾಗಾಗಿ 80 ಸೆಂ.ಮೀ. ದೂರವನ್ನು 20 ಸೆಂ.ಮೀ.ಗೆ ಇಳಿಸಿದರೆ ಆಗುವ ಲಾಭ ಯಾವ ಟಾರ್ಚಿನಿಂದಲೂ ಆಗುವುದಿಲ್ಲ.

ಈಗ ಆ 5000 ಲ್ಯೂಮೆನ್ ವಿಷಯ. ಬಿಳಿ ಚುಕ್ಕೆಗಳೆಂದರೆ ನೀರಿನಲ್ಲಿ ತೇಲುವ ಮಣ್ಣಿನ ಕಣ, ಪಾಚಿಯ ಚೂರು, ಕೊಳೆತ ಎಲೆಯ ಪುಡಿ. ಟಾರ್ಚು ಲೆನ್ಸಿನ ಪಕ್ಕದಲ್ಲೇ ಇದ್ದರೆ ಲೆನ್ಸಿನ ಮುಂದಿನ ಕಣಗಳಿಗೆ ಮೊದಲು, ಅತಿ ಹೆಚ್ಚು ಬೆಳಕು ಬೀಳುತ್ತದೆ. ಅವು ಅದನ್ನು ನೇರ ಲೆನ್ಸಿಗೇ ವಾಪಸ್ ಎಸೆಯುತ್ತವೆ. ಮಂಜು ಮುಸುಕಿದ ಮಡಿಕೇರಿ ರಸ್ತೆಯಲ್ಲಿ ಹೈಬೀಮ್ ಹಾಕಿದರೆ ಆಗುವುದೂ ಇದೇ. ಟಾರ್ಚಿನ ಶಕ್ತಿ ಐದು ಪಟ್ಟಾದರೆ ಮೀನಿನ ಮೇಲಿನ ಬೆಳಕೂ ಐದು ಪಟ್ಟು, ಚುಕ್ಕೆಗಳ ಬೆಳಕೂ ಐದು ಪಟ್ಟು. ಎರಡರ ನಡುವಿನ ಪ್ರಮಾಣ ಇದ್ದಲ್ಲೇ ಇರುತ್ತದೆ.

ಲೆಕ್ಕದಲ್ಲೇ ನೋಡುವುದಾದರೆ, 100 ಡಿಗ್ರಿ ಅಗಲಕ್ಕೆ ಹರಡುವ 1000 ಲ್ಯೂಮೆನ್ ಟಾರ್ಚು 30 ಸೆಂ.ಮೀ. ದೂರಕ್ಕೆ ಸುಮಾರು 5000 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಕೊಡುತ್ತದೆ. ಮರದ ನೆರಳಿನ ಕೆರೆಯಲ್ಲಿ ಅದು ಧಾರಾಳ. ಅದೇ ಟಾರ್ಚು ಒಂದು ಮೀಟರಿಗೆ 450 ಲಕ್ಸ್ ಆಸುಪಾಸು ಕೊಡುತ್ತದೆ, ಅದೂ ನೀರು ಹೀರಿಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿಯದೆ. ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಇರುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಒಂದು ಮೀಟರ್ ದೂರದಿಂದ 5000 ಲ್ಯೂಮೆನ್ ಹಾಕಿದರೂ ಅದು ಹತ್ತಿದೆಯೋ ಇಲ್ಲವೋ ಅಂತ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಹತ್ತಿರ ಹೋದರೆ ಚಿಕ್ಕ ಟಾರ್ಚೇ ಸಾಕು, ದೂರ ನಿಂತರೆ ದೊಡ್ಡದೂ ಸಾಲದು.

ಹಾಗಾದರೆ ಎಷ್ಟು ಹತ್ತಿರ? ಕಣ್ಣಂದಾಜು ಬೇಡ, ಅಳೆಯಿರಿ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದ ನೀರಿನ ತಿಳಿಯನ್ನು ಅಳೆಯಲು ಬಿಳಿ ತಟ್ಟೆ ಇಳಿಸುವ ಪದ್ಧತಿ ತಂದರು. ಕೆರೆಗಳಿಗೆ ಈಗಲೂ ಅದಕ್ಕಿಂತ ಸರಳವಾದ ಸಾಧನ ಇಲ್ಲ. 20 ಸೆಂ.ಮೀ. ಅಡ್ಡಳತೆಯ ಒಂದು ಗಟ್ಟಿ ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡಕ್ಕೆ ಕಪ್ಪು, ಉಳಿದೆರಡಕ್ಕೆ ಬಿಳಿ ಬಣ್ಣ ಹಚ್ಚಿ. ಮಿರುಗದ ಬಣ್ಣವಾದರೆ ಒಳ್ಳೆಯದು. ನಡುವೆ ತೂತು ಕೊರೆದು ಹಗ್ಗ ಪೋಣಿಸಿ, ಕೆಳಗೆ ಅರ್ಧ ಕಿಲೋ ಭಾರ ಕಟ್ಟಿ, ಹಗ್ಗಕ್ಕೆ 10 ಸೆಂ.ಮೀ.ಗೊಂದು ಗುರುತು ಹಾಕಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ಕಟ್ಟೆಯ ನೆರಳು ಬೀಳುವ ಬದಿಯಿಂದ ಇಳಿಸಿ. ತಟ್ಟೆ ಕಣ್ಮರೆಯಾದ ಆಳ ಒಂದು, ಮೇಲೆಳೆಯುವಾಗ ಮತ್ತೆ ಕಂಡ ಆಳ ಇನ್ನೊಂದು. ಎರಡರ ಸರಾಸರಿಯೇ ನಿಮ್ಮ ಅಳತೆ.

ಅದರ ಐದರಲ್ಲೊಂದು, ಹೆಚ್ಚೆಂದರೆ ನಾಲ್ಕರಲ್ಲೊಂದು ದೂರದೊಳಗೆ ಚಿತ್ರ ತೆಗೆಯಬೇಕು. ತಟ್ಟೆ 50 ಸೆಂ.ಮೀ.ಗೆ ಮಾಯವಾದರೆ ನಿಮಗಿರುವುದು 10 ಅಥವಾ 12 ಸೆಂ.ಮೀ.: ಬಸವನಹುಳು, ಏಡಿ, ಗೊದಮೊಟ್ಟೆ, ನೀರಗಿಡದ ಬೇರು, ಇಷ್ಟೇ. ಒಂದೂವರೆ ಮೀಟರ್ ಸಿಕ್ಕರೆ 30–35 ಸೆಂ.ಮೀ. ದೂರದಿಂದ ಅಂಗೈಯಷ್ಟು ಮೀನು ಚೆನ್ನಾಗಿ ಬರುತ್ತದೆ. ಮೂರು ಮೀಟರ್ ದಾಟಿದ ದಿನ ವೈಡ್ ಲೆನ್ಸು ಹೊರತೆಗೆಯಿರಿ. 30 ಸೆಂ.ಮೀ.ಗಿಂತ ಕಡಿಮೆ ಬಂದ ದಿನ ಕ್ಯಾಮೆರಾ ಒದ್ದೆ ಮಾಡುವುದು ಬೇಡ.

ಇಲ್ಲಿ ನಿಮ್ಮ ಆಕ್ಷನ್ ಕ್ಯಾಮೆರಾ ಒಂದು ಕಡೆ ಎಡವುತ್ತದೆ. ಅಂಥ ಕ್ಯಾಮೆರಾಗಳಲ್ಲಿ ಬಹುತೇಕವು ಸ್ಥಿರ ಫೋಕಸ್‌ನವು. ಸುಮಾರು 30 ಸೆಂ.ಮೀ.ಗಿಂತ ಹತ್ತಿರದ್ದು ಅವಕ್ಕೆ ಮಸುಕು. ಬಗ್ಗಡ ನೀರಿನಲ್ಲಿ 15 ಸೆಂ.ಮೀ.ಗೆ ಹೋಗಲೇಬೇಕು, ಹೋದರೆ ಫೋಕಸ್ ಸಿಗದು. ಮುಂದೆ ಕ್ಲೋಸಪ್ ಲೆನ್ಸ್ ಸಿಕ್ಕಿಸಿಕೊಳ್ಳಬೇಕು, ಇಲ್ಲವೇ ಆ ಕೆಲಸವನ್ನು ಕಾಂಪ್ಯಾಕ್ಟ್‌ಗೆ ಬಿಡಬೇಕು. ಕಾಂಪ್ಯಾಕ್ಟ್ ಹೌಸಿಂಗಿನ ಚಪ್ಪಟೆ ಗಾಜಿಗೂ ಒಂದು ಗುಣವಿದೆ: ನೀರು ಬೆಳಕನ್ನು ಬಗ್ಗಿಸುವುದರಿಂದ ವಸ್ತು ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ, ಕಾಲು ಭಾಗ ಹತ್ತಿರವಿದ್ದಂತೆ ಕಾಣುತ್ತದೆ, ಚಿತ್ರದ ಅಗಲ ಕಿರಿದಾಗುತ್ತದೆ. ಇಡೀ ಮೀನು ಚೌಕಟ್ಟಿನೊಳಗೆ ಬರಲಿಲ್ಲ ಅಂತ ಹಿಂದೆ ಸರಿದರೆ ಮತ್ತೆ ನೀರು ಸೇರಿಕೊಳ್ಳುತ್ತದೆ. ಮುಂದೊಂದು ದಿನ ಖರ್ಚು ಮಾಡುವುದೇ ಆದರೆ ಟಾರ್ಚಿಗಲ್ಲ, ಹೌಸಿಂಗಿನ ಮೇಲೆ ನೀರೊಳಗೇ ಸಿಕ್ಕಿಸುವ ವೈಡ್ ವೆಟ್ ಲೆನ್ಸಿಗೆ ಮಾಡಿ. ಅದನ್ನು ಸಿಕ್ಕಿಸುವಾಗ ನೀರೊಳಗೇ ಸಿಕ್ಕಿಸಿ. ಎರಡು ಗಾಜಿನ ನಡುವೆ ಒಂದು ಗಾಳಿಗುಳ್ಳೆ ಕೂತರೂ ಚಿತ್ರದ ಮೇಲಂಚು ಹಾಳು.

ಟಾರ್ಚು ಎಲ್ಲಿರಬೇಕು

ಕ್ಯಾಮೆರಾದ ಒಳಗಿನ ಫ್ಲಾಶ್ ಆರಿಸಿಬಿಡಿ. ಟಾರ್ಚನ್ನು ಲೆನ್ಸಿನಿಂದ ದೂರ ತನ್ನಿ. ವಸ್ತು 20 ಸೆಂ.ಮೀ. ಮುಂದಿದ್ದರೆ ಟಾರ್ಚು ಪಕ್ಕಕ್ಕೆ 25ರಿಂದ 30 ಸೆಂ.ಮೀ. ಇರಲಿ, ಗಾಜಿನ ಮಟ್ಟದಿಂದ ಮುಂದಕ್ಕೆ ಚಾಚದೆ ಒಂದು ಬೆರಳಷ್ಟು ಹಿಂದೆಯೇ ಇರಲಿ. ಟಾರ್ಚಿನ ಬೆಳಕು ಕೋನ್ ಆಕಾರದಲ್ಲಿ ಹರಡುತ್ತದೆ; ಅದರ ನಡುಭಾಗವನ್ನು ಮೀನಿಗೆ ಗುರಿ ಇಡುವುದು ಎಲ್ಲರೂ ಮಾಡುವ ತಪ್ಪು. ಟಾರ್ಚಿನ ಮೂತಿಯನ್ನು ಕೊಂಚ ಹೊರಕ್ಕೆ ತಿರುಗಿಸಿ, ಕೋನಿನ ಒಳಂಚು ಮಾತ್ರ ಮೀನನ್ನು ಸವರುವಂತೆ ಇಡಿ. ಲೆನ್ಸಿನ ಎದುರಿನ ಮೊದಲ ಗೇಣು ನೀರು ಕತ್ತಲಾಗಿರಬೇಕು. ಅಲ್ಲಿ ಬೆಳಕಿಲ್ಲದಿದ್ದರೆ ಅಲ್ಲಿನ ಕಣಗಳು ಇದ್ದರೂ ಕಾಣುವುದಿಲ್ಲ.

ಇದನ್ನು ಕೆರೆಗೆ ಇಳಿಯುವ ಮೊದಲು ಮನೆಯಲ್ಲೇ ಕಲಿಯಬಹುದು. ಒಂದು ಗಾಜಿನ ಮೀನುತೊಟ್ಟಿಗೆ ನೀರು ತುಂಬಿ, 20 ಲೀಟರಿಗೆ ಅರ್ಧ ಚಮಚದಂತೆ ಹಾಲು ಬೆರೆಸಿ, ದೀಪ ಆರಿಸಿ. ಟಾರ್ಚು ಹಚ್ಚಿದರೆ ಬೆಳಕಿನ ಕೋನು ಗೆರೆ ಎಳೆದಂತೆ ಕಾಣುತ್ತದೆ. ಆಚೆ ಬದಿಯಲ್ಲಿ ಒಂದು ಚಮಚವನ್ನೋ ಗೊಂಬೆಯನ್ನೋ ಇಟ್ಟು, ಕೋನು ಅದನ್ನು ಮುಟ್ಟಬೇಕು, ಲೆನ್ಸಿನ ನೋಟವನ್ನು ಆದಷ್ಟು ತಡವಾಗಿ ಕತ್ತರಿಸಬೇಕು, ಹಾಗೆ ಟಾರ್ಚನ್ನು ಆಚೀಚೆ ಸರಿಸಿ ನೋಡಿ. ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ.

ಕೈಯಲ್ಲಿ ಹಿಡಿದ ಟಾರ್ಚು ಜಾಗ ಬಿಟ್ಟು ಜಾಗಕ್ಕೆ ಹೋಗುತ್ತದೆ. 60 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಪಟ್ಟಿಯ ನಡುವೆ ಕ್ಯಾಮೆರಾ ಸ್ಟ್ಯಾಂಡಿಗೆ ಬರುವ ಕಾಲಿಂಚಿನ ಸ್ಕ್ರೂ ಹಾಕಿ ಹೌಸಿಂಗ್ ಕೂರಿಸಿ, ತುದಿಗೆ ಟಾರ್ಚು ಕಟ್ಟಿಕೊಂಡರೆ ಕೆಲಸ ನಡೆಯುತ್ತದೆ. ಪಿವಿಸಿ ಪೈಪಿನಲ್ಲಿ ಮಾಡುವುದಾದರೆ ಅಲ್ಲಲ್ಲಿ ತೂತು ಕೊರೆಯಿರಿ. ಒಳಗೆ ಗಾಳಿ ಉಳಿದರೆ ಆ ತುದಿ ಮೇಲಕ್ಕೇ ಎಳೆಯುತ್ತಿರುತ್ತದೆ. ಎರಡನೇ ಟಾರ್ಚು ಬೇಕೆನಿಸಿದರೆ ಇದೇ ಶಕ್ತಿಯ ಇನ್ನೊಂದನ್ನು ಆಚೆ ತುದಿಗೆ ಹಾಕಿ. 5000 ಲ್ಯೂಮೆನ್‌ನ ಒಂದಕ್ಕಿಂತ 1000 ಲ್ಯೂಮೆನ್‌ನ ಎರಡು ಮೇಲು.

ಸೆಟ್ಟಿಂಗು ಸರಳ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರ) ಆನ್ ಮಾಡಿ. ಮೀನಿಗೆ ಶಟರ್ 1/125ಕ್ಕಿಂತ ಕೆಳಗಿಳಿಸಬೇಡಿ, 1/250 ಸಿಕ್ಕರೆ ಇನ್ನೂ ಒಳ್ಳೆಯದು. ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ ಎಫ್/4ರಿಂದ ಎಫ್/5.6 ಸಾಕು. ಐಎಸ್‌ಒ 800 ದಾಟದಿರಲಿ. ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ), ಇಲ್ಲದಿದ್ದರೆ ಬೆಳ್ಳಿ ಹೊಟ್ಟೆಯ ಮೀನುಗಳು ಸುಟ್ಟ ಹಾಗೆ ಬಿಳುಪಾಗುತ್ತವೆ. ಆಟೊಫೋಕಸ್ ತೇಲುವ ಕಣಗಳನ್ನೇ ಹಿಡಿದುಕೊಂಡು ಒದ್ದಾಡುತ್ತದೆ. ನಡುಬಿಂದುವಿನ ಫೋಕಸ್ ಇಟ್ಟು, ಬೇಕಾದಷ್ಟೇ ದೂರದ ಒಂದು ಕಲ್ಲಿಗೆ ಫೋಕಸ್ ಹಿಡಿದು, ಲಾಕ್ ಮಾಡಿ, ಮೀನು ಆ ದೂರಕ್ಕೆ ಬಂದಾಗ ಒತ್ತಿ. ನೀರಿಗೆ ಇಳಿಸಿದ ಕೂಡಲೇ ಗಾಜಿನ ಮೇಲೆ ಸಣ್ಣ ಗುಳ್ಳೆಗಳು ಅಂಟುತ್ತವೆ. ಬೆರಳಿನಿಂದ ಒಮ್ಮೆ ಸವರಿ.

ಕೆಂಪು ಫಿಲ್ಟರ್ ಯಾಕೆ ಬೇಡ

ನೀರಿನಲ್ಲಿ ಮೊದಲು ಕೆಂಪು ಹೋಗುತ್ತದೆ, ಹಾಗಾಗಿ ಕೆಂಪು ಫಿಲ್ಟರ್: ಈ ಮಾತು ನೀಲಿ ಸಮುದ್ರಕ್ಕೆ ನಿಜ. ಅಲ್ಲಿ ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯವಾಗಿ, ನೀಲಿ ಮಾತ್ರ ಆಳಕ್ಕೆ ಹೋಗುತ್ತದೆ. ನಿಮ್ಮ ಕೆರೆಗೆ ಬೀಳುವುದು ತೋಟದ ಎಲೆ, ಸಿಲ್ವರ್ ಓಕ್ ಮತ್ತು ಕಾಡುಮರಗಳ ತರಗು. ಅದು ಕೊಳೆತು ಬಿಡುವ ಕಷಾಯದಂಥ ಬಣ್ಣ ನೀಲಿ ಬೆಳಕನ್ನು ಮೊದಲು ನುಂಗುತ್ತದೆ. ಮೇಲೆ ಪಾಚಿ ಇದ್ದರೆ ಅದು ನೀಲಿ, ಕೆಂಪು ಎರಡನ್ನೂ ತಿಂದು ಹಸಿರನ್ನು ಉಳಿಸುತ್ತದೆ. ಕೆಂಪು ಕಳೆದುಕೊಳ್ಳಲು ನೀವು ಅಷ್ಟು ಆಳಕ್ಕೆ ಹೋಗುವುದೂ ಇಲ್ಲ. ಒಂದು ಮೀಟರ್ ಶುದ್ಧ ನೀರಿನಲ್ಲಿ ಕೆಂಪು ಬೆಳಕು ಕಾಲು ಭಾಗಕ್ಕಿಂತ ಕೊಂಚ ಹೆಚ್ಚು ಕಳೆದುಹೋಗುತ್ತದೆ, ಅಷ್ಟೇ. ಇಂಥ ನೀರಿನಲ್ಲಿ ಕೆಂಪು ಫಿಲ್ಟರ್ ಹಾಕಿದರೆ ಉಳಿದಿರುವ ಚೂರು ನೀಲಿಯೂ ಹೋಗಿ, ಚಿತ್ರ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಹಸಿರು ನೀರಿಗೆಂದು ಮಾರುವ ಮೆಜೆಂಟಾ ಫಿಲ್ಟರ್ ತಕ್ಕಮಟ್ಟಿಗೆ ಸರಿ, ಆದರೆ ಅದೂ ಒಂದು ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ. ಮಬ್ಬು ಕೆರೆಯಲ್ಲಿ ಅದು ನಷ್ಟದ ವ್ಯಾಪಾರ. ಟಾರ್ಚು ಅಥವಾ ಫ್ಲಾಶ್ ಹಚ್ಚಿದಾಗಲಂತೂ ಲೆನ್ಸಿನ ಮೇಲೆ ಯಾವ ಬಣ್ಣದ ಫಿಲ್ಟರೂ ಇರಬಾರದು.

ಬಣ್ಣಕ್ಕೆ ದಾರಿ ಬೇರೆ. ಬಿಳಿ ಪಿವಿಸಿ ಹಾಳೆಯ ಒಂದು ತುಂಡನ್ನು ದಾರ ಕಟ್ಟಿ ಕೈಗೆ ಹಾಕಿಕೊಳ್ಳಿ. ಚಿತ್ರ ತೆಗೆಯುವ ಆಳದಲ್ಲಿ, ಅದೇ ದೂರಕ್ಕೆ ಅದನ್ನು ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ಹೊಂದಿಸಿ. ಆಳ ಬದಲಾದರೆ, ಮೋಡ ಕವಿದರೆ ಮತ್ತೆ ಹೊಂದಿಸಿ. ಆಮೇಲೆ ಕಂಪ್ಯೂಟರಿನಲ್ಲಿ ಡಿಹೇಜ್ (ಮಬ್ಬು ತೆಗೆಯುವ ಹೊಂದಿಕೆ) ಎಳೆಯುವಾಗ ಕೈ ಬಿಗಿಯಿರಲಿ. ನೀಲಿ ಚಾನೆಲ್‌ನಲ್ಲಿ ಮಾಹಿತಿಯೇ ಕಡಿಮೆ ಇರುವುದರಿಂದ ಅದನ್ನು ಎತ್ತಿದಷ್ಟೂ ಮರಳು ಉದುರಿಸಿದ ಹಾಗೆ ನಾಯ್ಸ್ ಏಳುತ್ತದೆ. ಹಸಿರು ಚಾನೆಲ್ ಸಾಮಾನ್ಯವಾಗಿ ಸ್ವಚ್ಛವಾಗಿರುತ್ತದೆ. ಅದೊಂದನ್ನೇ ಬಳಸಿ ಕಪ್ಪು ಬಿಳುಪು ಮಾಡಿದ ಕೆರೆಯ ಚಿತ್ರಗಳು ಬಣ್ಣದವಕ್ಕಿಂತ ಎಷ್ಟೋ ಸಲ ಚೆಂದ.

ಪಟಿಕದ ಮಾತು

ನಿಮ್ಮ ರೈಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಪಟಿಕ ನೀರಿನ ಸಣ್ಣ ಕಣಗಳನ್ನು ಗಂಟು ಕಟ್ಟಿಸಿ ತಳಕ್ಕೆ ಇಳಿಸುತ್ತದೆ, ಕುಡಿಯುವ ನೀರಿನ ಘಟಕಗಳಲ್ಲಿ ಮಾಡುವುದೂ ಅದನ್ನೇ. ಆದರೆ ಒಂದು ಲೀಟರಿಗೆ 1 ಮಿಲಿಗ್ರಾಂ ಪಟಿಕ ಹಾಕಿದರೆ ನೀರಿನ ಕ್ಷಾರಗುಣ ಅರ್ಧ ಮಿಲಿಗ್ರಾಂನಷ್ಟು ಕರಗುತ್ತದೆ. ಕೊಡಗಿನ ನೀರು ಮೃದು, ಆ ಕ್ಷಾರಗುಣ ಮೊದಲೇ ಕಡಿಮೆ. ಅದು ಮುಗಿದ ಕೂಡಲೇ ನೀರು ದಢಕ್ಕನೆ ಹುಳಿಗೆ ತಿರುಗುತ್ತದೆ, ಹುಳಿ ನೀರಿನಲ್ಲಿ ಕರಗಿದ ಅಲ್ಯೂಮಿನಿಯಂ ಮೀನಿನ ಕಿವಿರು ಸುಡುತ್ತದೆ. ನೀರು ತಿಳಿಯಾಗುತ್ತದೆ, ತೆಗೆಯಲು ಮೀನು ಉಳಿಯುವುದಿಲ್ಲ. ಕೆರೆಗೆ ಬೇಡವೇ ಬೇಡ.

ನೀರು ಯಾಕೆ ತಿಳಿಯಾಗುತ್ತಿಲ್ಲ ಅನ್ನುವುದನ್ನು ಹುಡುಕಿ. ಮಳೆ ನಿಂತ ಮೇಲೆ ಮರಳು ಒಂದು ನಿಮಿಷದಲ್ಲಿ ಒಂದು ಮೀಟರ್ ಇಳಿದುಬಿಡುತ್ತದೆ. 20 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು) ಗೋಡುಮಣ್ಣಿಗೆ ಮುಕ್ಕಾಲು ಗಂಟೆ ಬೇಕು. 2 ಮೈಕ್ರಾನಿನ ಜೇಡಿಕಣಕ್ಕೆ ಮೂರು ದಿನ, 1 ಮೈಕ್ರಾನಿಗೆ ಹದಿಮೂರು ದಿನದ ಹತ್ತಿರ. ಅದೂ ನೀರು ಅಲುಗಾಡದೆ ಇದ್ದರೆ. ನಮ್ಮ ಕೆಂಪು ಮಣ್ಣಿನಲ್ಲಿ ಈ ಸಣ್ಣ ಕಣವೇ ಜಾಸ್ತಿ. ನಡುವೆ ಒಂದು ಮಳೆ ಬಂದರೆ ಲೆಕ್ಕ ಮತ್ತೆ ಮೊದಲಿಂದ. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆರೆಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ನವೆಂಬರ್ ಕೊನೆಯಿಂದ ಫೆಬ್ರುವರಿ ಮೊದಲವರೆಗೆ ನಿಮ್ಮ ಸೀಸನ್ನು. ಆಮೇಲೆ ಹೂವಿಗೆ ನೀರು ಹಾಯಿಸಲು ಸ್ಪ್ರಿಂಕ್ಲರ್ ಶುರುವಾಗುತ್ತದೆ. ಮೋಟರು ಎಳೆಯುವಾಗ ತಳದ ಕೆಸರು ಏಳುತ್ತದೆ, ನೀರಿನ ಮಟ್ಟವೂ ಇಳಿಯುತ್ತದೆ. ಸ್ಪ್ರಿಂಕ್ಲರ್ ನಡೆಯುವ ವಾರದಲ್ಲಿ ತೆಗೆಯಲೇಬೇಕಿದ್ದರೆ ಮೋಟರು ನಿಲ್ಲಿಸಿ ಮೂರು ದಿನ ಬಿಡಿ. ತೋಡಿನ ಮೇಲ್ಭಾಗದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಓಡುವ ತೋಟವಿದ್ದರೆ ಕೊಯ್ಲಿನ ದಿನಗಳಲ್ಲಿ ನೀರಿನ ಬಣ್ಣ ನೋಡಿಕೊಂಡೇ ಇಳಿಯಿರಿ.

ಕೆರೆಯಲ್ಲಿ ಸಾಮಾನ್ಯ ಗೆಂಡೆ ಬಿಟ್ಟಿದ್ದೀರಾ? ಕಾಮನ್ ಕಾರ್ಪ್ ಅಂತ ಮರಿ ಮಾರುತ್ತಾರಲ್ಲ, ಅದು. ಹೊಟ್ಟೆಪಾಡಿಗೆ ತಳವನ್ನು ಕೆದಕುವುದೇ ಅದರ ಕೆಲಸ. ಅದಿರುವ ತನಕ ಚಳಿಗಾಲದಲ್ಲೂ ನೀರು ರಾಡಿಯೇ. ಹಿಡಿದು ಸಾರು ಮಾಡಿ, ಜಾಗದಲ್ಲಿ ಕಾಟ್ಲಾ, ರೋಹು ಉಳಿಸಿಕೊಳ್ಳಿ. ನೀರು ಒಳಬರುವ ಬಾಯಲ್ಲಿ ಒಂದು ಗುಂಡಿ ತೆಗೆದು, ಎರಡು ಮೂರು ಮೀಟರ್ ಅಗಲಕ್ಕೆ ಹುಲ್ಲು ಬೆಳೆಯಲು ಬಿಟ್ಟರೆ ಮಣ್ಣು ಅಲ್ಲೇ ನಿಲ್ಲುತ್ತದೆ. ಗೊಬ್ಬರ ಹಾಕಿದ ಜಾಗದ ನೀರು ನೇರ ಕೆರೆಗೆ ಇಳಿಯದಂತೆ ತಿರುಗಿಸಿದರೆ ಪಾಚಿಯೂ ತಗ್ಗುತ್ತದೆ. ಇದರ ಫಲ ಒಂದೆರಡು ಮಳೆಗಾಲ ಕಳೆದ ಮೇಲೆ ಕಾಣುತ್ತದೆ, ವಾರದಲ್ಲಿ ಅಲ್ಲ.

ತೋಡಿಗೆ ಬೇರೆ ಉಪಾಯ

ನಿಜ ಹೇಳಬೇಕೆಂದರೆ ಕೆರೆಗಿಂತ ತೋಡಿನಲ್ಲಿ ನಿಮಗೆ ಒಳ್ಳೆಯ ಚಿತ್ರ ಸಿಗುತ್ತದೆ. ಹರಿಯುವ ನೀರು ಕೆಸರನ್ನು ಕೊಚ್ಚಿಕೊಂಡು ಹೋಗುತ್ತದೆ, ತಳದಲ್ಲಿ ಕಲ್ಲು ಇರುತ್ತದೆ. ತೊಂದರೆ ನಿಮ್ಮ ಕಾಲಿನದು. ಮೀನುಗಳು ಹರಿವಿಗೆ ಮುಖ ಕೊಟ್ಟು ನಿಲ್ಲುತ್ತವೆ. ನೀವು ಅವುಗಳ ಕೆಳಗಿನಿಂದ ಬಂದರೆ ಬರೀ ಬಾಲ ಸಿಗುತ್ತದೆ. ಮೇಲಿನಿಂದ ಬಂದರೆ ನೀವು ಎಬ್ಬಿಸಿದ ಕೆಸರು ನೇರ ಮೀನಿನ ಮೇಲೆ. ಅಡ್ಡಲಾಗಿ, ಒಂದು ಹೆಜ್ಜೆ ಕೆಳಗೆ ನಿಂತು, ಕ್ಯಾಮೆರಾವನ್ನು ಹರಿವಿಗೆ ಓರೆಯಾಗಿ ಹಿಡಿಯಿರಿ.

ಇನ್ನೂ ಒಳ್ಳೆಯದು ನೀವು ಅಲ್ಲಿ ಇರದಿರುವುದು. ಎರಡು ಮೂರು ಕಿಲೋ ತೂಗುವ ಚಪ್ಪಟೆ ಕಲ್ಲಿಗೆ ಚಿಕ್ಕ ಸ್ಟ್ಯಾಂಡ್ ಕಟ್ಟಿ, ಆಕ್ಷನ್ ಕ್ಯಾಮೆರಾ ಕೂರಿಸಿ, ಐದು ಸೆಕೆಂಡಿಗೊಂದು ಚಿತ್ರದಂತೆ ಇಂಟರ್ವಲ್ ಹಾಕಿ, ದಡಕ್ಕೆ ಬಂದು ಕೂರಿ. ಕೆಸರು ತಿಳಿಯಾಗಿ ಮೀನುಗಳು ವಾಪಸಾಗಲು ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಆಮೇಲೆ ಅವು ಲೆನ್ಸಿಗೇ ಮೂತಿ ಹಚ್ಚುತ್ತವೆ. ಮೊಬೈಲ್ ಆ್ಯಪಿನಿಂದ ದೂರದಲ್ಲೇ ಕೂತು ಒತ್ತುತ್ತೇನೆ ಅಂದುಕೊಳ್ಳಬೇಡಿ. ವೈಫೈ ನೀರಿನೊಳಗೆ ಕೆಲವು ಸೆಂಟಿಮೀಟರ್‌ನಲ್ಲೇ ಸತ್ತುಹೋಗುತ್ತದೆ. ಕ್ಯಾಮೆರಾಕ್ಕೆ ಒಂದು ನೈಲಾನ್ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಮರಕ್ಕೆ ಬಿಗಿಯಿರಿ.

ಬಿಸಿಲಿನ ಹೊತ್ತು ಹನ್ನೊಂದರಿಂದ ಎರಡು. ಸೂರ್ಯ ನೆತ್ತಿಯ ಮೇಲಿದ್ದಾಗ ನೀರಿನ ಮೇಲ್ಮೈ ಶೇಕಡ 2ರಷ್ಟು ಬೆಳಕನ್ನು ಮಾತ್ರ ಹಿಂದಕ್ಕೆ ಎಸೆಯುತ್ತದೆ. ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಮೂರನೇ ಒಂದು ಭಾಗ. ಮರದ ಸಂದಿಯಿಂದ ಬೀಳುವ ಬಿಸಿಲಿನ ಮಚ್ಚೆಗಳು ಚಿತ್ರವನ್ನು ಚೂರು ಚೂರು ಮಾಡುತ್ತವೆ. ತೆಳು ಮೋಡದ ಮಧ್ಯಾಹ್ನ ಸಿಕ್ಕರೆ ಬಿಡಬೇಡಿ. ಕ್ಯಾಮೆರಾವನ್ನು ತಳಕ್ಕೆ ಇಟ್ಟು ಮೇಲಕ್ಕೆ ನೋಡಿಸುವುದೂ ಒಂದು ದಾರಿ: ನೀರೊಳಗಿನಿಂದ ಇಡೀ ಆಕಾಶ 97 ಡಿಗ್ರಿ ಅಗಲದ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ, ಅದರ ಮುಂದೆ ಮೀನು ಕಪ್ಪು ಆಕೃತಿಯಾಗಿ ಬರುತ್ತದೆ. ಕೊಂಚ ಮಬ್ಬು ನೀರಿನಲ್ಲೂ ಇದು ಕೆಲಸ ಮಾಡುತ್ತದೆ.

ನೀರು ತೀರಾ ರಾಡಿಯಾಗಿದ್ದು, ತೆಗೆಯಬೇಕಾದ್ದು ಅಲುಗದ ವಸ್ತುವಾಗಿದ್ದರೆ ವೃತ್ತಿಯ ಡೈವರುಗಳು ಅಣೆಕಟ್ಟು, ಸೇತುವೆ ಕಂಬಗಳ ತಪಾಸಣೆಗೆ ಬಳಸುವ ಉಪಾಯವೊಂದಿದೆ: ತಿಳಿನೀರಿನ ಪೆಟ್ಟಿಗೆ. 4 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಮುಂಭಾಗ 20×15 ಸೆಂ.ಮೀ., ಆಳ 15 ಸೆಂ.ಮೀ. ಇರುವ ಪೆಟ್ಟಿಗೆ ಅಂಟಿಸಿ. ನಾಲ್ಕೂವರೆ ಲೀಟರ್ ಹಿಡಿಯುತ್ತದೆ. ಕುದಿಸಿ ಆರಿಸಿ ಸೋಸಿದ ನೀರನ್ನು ಗಾಳಿ ಉಳಿಯದಂತೆ ತುಂಬಿ ಮುಚ್ಚಿ. ಕುದಿಸದಿದ್ದರೆ ಒಳಗಡೆ ಗುಳ್ಳೆ ಏಳುತ್ತವೆ. ಹಿಂಬದಿಗೆ ಹೌಸಿಂಗಿನ ಗಾಜನ್ನು ಒತ್ತಿ ಹಿಡಿದು, ಮುಂಬದಿಯನ್ನು ವಸ್ತುವಿಗೆ ತಾಗುವಷ್ಟು ಹತ್ತಿರ ತನ್ನಿ. ಲೆನ್ಸಿಗೂ ವಸ್ತುವಿಗೂ ನಡುವೆ ಈಗ ಇರುವುದೆಲ್ಲ ತಿಳಿನೀರು, ಕೆರೆಯ ನೀರು ಒಂದೆರಡು ಬೆರಳಷ್ಟು. ಟಾರ್ಚನ್ನು ಪೆಟ್ಟಿಗೆಯ ಪಕ್ಕದಿಂದ 45 ಡಿಗ್ರಿ ಓರೆಯಲ್ಲಿ ಒಳಕ್ಕೆ ಬಿಡಿ. ಬೇರು, ಕಲ್ಲಿಗಂಟಿದ ಹುಳು, ತೂಬಿನ ಬಿರುಕು, ಫುಟ್‌ವಾಲ್ವಿನ ಜಾಲರಿ ಎಲ್ಲ ಬರುತ್ತದೆ. ಮೀನು ಮಾತ್ರ ಈ ಪೆಟ್ಟಿಗೆ ಕಂಡರೆ ಓಡುತ್ತದೆ.

ಪೋಲರೈಸರ್ (ನೀರಿನ ಮೇಲಿನ ಹೊಳಪು ತಡೆಯುವ ಫಿಲ್ಟರ್) ಬಗ್ಗೆ ನೀವು ಕೇಳಿಲ್ಲ, ಆದರೂ ಅಂಗಡಿಯವರು ಹೇಳಿಯೇ ಹೇಳುತ್ತಾರೆ. ನೀರೊಳಗೆ ಅದರಿಂದ ಬೆಳಕಿನ ನಷ್ಟವೇ ಹೆಚ್ಚು. ದಡದಿಂದ ತೆಗೆಯುವಾಗ ಅದರ ಬೆಲೆ ಗೊತ್ತಾಗುತ್ತದೆ: ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡುತ್ತ ತಿರುಗಿಸಿದರೆ ಹೊಳಪು ಅಳಿಸಿಹೋಗಿ ತಳ ಕಾಣುತ್ತದೆ. ಕುಶಾಲನಗರದಾಚೆ ರಾಮನಾಥಪುರದ ಕಾವೇರಿ ಮೆಟ್ಟಿಲುಗಳಲ್ಲಿ ದೇವರ ಮೀನುಗಳನ್ನು ತೆಗೆಯಲು ಇದಕ್ಕಿಂತ ಬೇರೇನೂ ಬೇಡ, ನೀರಿಗೆ ಇಳಿಯುವ ಮಾತೇ ಇಲ್ಲ.

ಅಪಾಯದ ಬಗ್ಗೆ ಎರಡು ಮಾತು. ಪ್ಲಾಸ್ಟಿಕ್ ಹಾಸಿದ ಹೊಂಡವಾದರೆ ಒದ್ದೆ ಇಳಿಜಾರಿನಲ್ಲಿ ಈಜು ಬಲ್ಲವರಿಗೂ ಮೇಲೆ ಹತ್ತಲು ಆಗುವುದಿಲ್ಲ. ಗಂಟು ಹಾಕಿದ ಹಗ್ಗವನ್ನು ದಡದ ಮರಕ್ಕೆ ಕಟ್ಟಿ ನೀರಿಗೆ ಬಿಟ್ಟೇ ಇಳಿಯಿರಿ. ಕ್ಯಾಮೆರಾ ಪರದೆ ನೋಡುತ್ತ ಇರುವವರಿಗೆ ಆಳದ ಅರಿವು ಇರುವುದಿಲ್ಲ, ದಡದಲ್ಲಿ ಒಬ್ಬರು ಇರಲೇಬೇಕು. ಮೋಟರು ಓಡುವಾಗ ನೀರಿನಲ್ಲಿ ಇರಬೇಡಿ. ಕಾಲಿನಲ್ಲಿ ಗಾಯವಿದ್ದರೆ ಮಳೆಗಾಲದ ನಿಂತ ನೀರು ಬೇಡ, ಇಲಿಜ್ವರ ಬರುವುದು ಹಾಗೆಯೇ. ನಿಮ್ಮ ತೋಟದ ಗಡಿ ದಾಟಿ ತೋಡು ಮೀಸಲು ಅರಣ್ಯಕ್ಕೋ ಅಭಯಾರಣ್ಯಕ್ಕೋ ಸೇರುತ್ತಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ.

ಕೊನೆಗೆ ಮಂಜಿನ ವಿಷಯ. ಬೆಳಗಿನ ಚಳಿ, ತೇವದ ಗಾಳಿ ಒಳಹೊಕ್ಕು ಮಂಜು ಕಟ್ಟುತ್ತದೆ ಅಂತ ಎಲ್ಲರೂ ಬಿಸಿ ಬಿಸಿ ಅಡುಗೆಮನೆಯಲ್ಲೋ ಜೀಪಿನೊಳಗೋ ಹೌಸಿಂಗ್ ಮುಚ್ಚುತ್ತಾರೆ. ಕೆಡುವುದು ಅಲ್ಲೇ. 25 ಡಿಗ್ರಿಯ, ಶೇಕಡ 80 ತೇವಾಂಶವಿರುವ ಕೋಣೆಯ ಗಾಳಿ 21 ಡಿಗ್ರಿಗೆ ತಣಿದರೆ ಇಬ್ಬನಿ ಬಿಡುತ್ತದೆ. ಡಿಸೆಂಬರಿನ ಕೆರೆ ನೀರು 20 ಡಿಗ್ರಿಯ ಹತ್ತಿರ ಇರುತ್ತದೆ, ಗಾಜು ಅಷ್ಟಕ್ಕೇ ತಣ್ಣಗಾಗಿ ಒಳಗಡೆ ಮಬ್ಬು ಕೂರುತ್ತದೆ. ಹೊರಗಿನ 14 ಡಿಗ್ರಿ ಗಾಳಿ ಕೈಗೆ ಒದ್ದೆ ಅನ್ನಿಸಿದರೂ ಅದರಲ್ಲಿ ನೀರಾವಿ ಕಡಿಮೆ; ಅದು 20 ಡಿಗ್ರಿ ನೀರಿನಲ್ಲಿ ಇಬ್ಬನಿ ಬಿಡುವುದಿಲ್ಲ. ಆದ್ದರಿಂದ ಹೌಸಿಂಗನ್ನು ಮನೆಯ ಜಗಲಿಯಲ್ಲಿ, ತಂಪು ಗಾಳಿಯಲ್ಲಿ ಮುಚ್ಚಿ. ಮಂಜಿನ ಹನಿಗಳೇ ತೇಲಿ ಬರುತ್ತಿದ್ದರೆ ಅದು ಕರಗುವ ತನಕ ಕಾಯಿರಿ. ಒಳಗೆ ಊದಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಒಂದು ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ; ಬಣ್ಣ ಬದಲಾದ ಕಾಳುಗಳನ್ನು ಪೊಟ್ಟಣದಿಂದ ತೆಗೆದು ಸಣ್ಣ ಉರಿಯ ಬಾಣಲೆಯಲ್ಲಿ ಬಣ್ಣ ಮರಳುವವರೆಗೆ ಹುರಿದರೆ ಮತ್ತೆ ಬಳಸಬಹುದು, ಆ ಬಾಣಲೆ ಅಡುಗೆಗೆ ಬೇಡ. ಮುಚ್ಚುವ ಮುಂಚೆ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಸುತ್ತ ಬೆರಳು ಆಡಿಸಿ. ಒಂದು ತಲೆಕೂದಲು ಸಿಕ್ಕಿಕೊಂಡಿದ್ದರೂ ನೀರು ಒಳಬರುತ್ತದೆ. ಗ್ರೀಸು ಆ ಹೌಸಿಂಗ್ ತಯಾರಕರು ಹೇಳಿದ್ದೇ ಆಗಿರಲಿ, ರಿಂಗು ಮಿರುಗುವಷ್ಟು ಸಾಕು. ಸೀಸನ್ನಿನ ಮೊದಲ ಸಲವಾದರೆ ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಕಾಗದ ಮತ್ತು ಒಂದು ಕಲ್ಲು ಇಟ್ಟು, ತೊಟ್ಟಿಯಲ್ಲಿ ಹದಿನೈದು ನಿಮಿಷ ಮುಳುಗಿಸಿಡಿ. ಕಾಗದ ಗರಿಗರಿಯಾಗಿಯೇ ಹೊರಬಂದರೆ ಕ್ಯಾಮೆರಾ ಹಾಕಿ.